ಬೈಲಕುಪ್ಪೆಯಲ್ಲಿ ಒಂದು ಬಟ್ಟಲು ಥುಕ್ಪಾ

ಕಟ್ಟೆಮಳಲವಾಡಿಯ ಹೆಸರಿನಲ್ಲೇ ಒಂದು ಕಟ್ಟೆ ಇದೆ. ಕೊಡಗಿನ ಬ್ರಹ್ಮಗಿರಿಯಲ್ಲಿ ಹುಟ್ಟಿ, ಇರ್ಪುವಿನಲ್ಲಿ ಜಲಪಾತವಾಗಿ ಧುಮುಕಿ, ನಾಗರಹೊಳೆಯ ಕಾಡನ್ನು ಹಾದು ಬರುವ ಲಕ್ಷ್ಮಣತೀರ್ಥ ನದಿಗೆ ಇಲ್ಲಿ ಅಡ್ಡಲಾಗಿ ಅಣೆ ಕಟ್ಟಿದ್ದಾರೆ. ಅದರ ನಾಲೆಯ ನೀರಿನಿಂದ ಗದ್ದೆಗಳು ಹಸಿರಾಗಿವೆ. ಉಳಿದ ನೀರು ಮುಂದೆ ಸಾಗಿ ಕೃಷ್ಣರಾಜಸಾಗರ ಸೇರುತ್ತದೆ. ಹುಣಸೂರು ತಾಲ್ಲೂಕಿನ ಈ ಊರಿಗೆ ಇನ್ನೊಂದು ಗುರುತೂ ಉಂಟು. ಅದು ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ. ಬ್ಯಾರನ್‌ಗಳಲ್ಲಿ ರಾತ್ರಿಯೆಲ್ಲ ನಿದ್ದೆಗೆಟ್ಟು ಹದ ಮಾಡಿದ ಸೊಪ್ಪು ಬೇಲುಗಳಾಗಿ ಇಲ್ಲಿಗೆ ಬರುತ್ತದೆ. ದರ ಸಿಕ್ಕಿದವರ ಮುಖ ಒಂದು ರೀತಿ, ಸಿಗದವರ ಮುಖ ಇನ್ನೊಂದು ರೀತಿ.

ಅಂಥ ಒಂದು ಹರಾಜಿನ ಮಾರನೆಯ ಭಾನುವಾರ ಊರಿನ ರೈತ ಕುಟುಂಬವೊಂದು ಹೊರಗೆ ಊಟ ಮಾಡಲು ಹೊರಟಿತು. ತಂದೆ, ತಾಯಿ, ಒಂಬತ್ತನೇ ತರಗತಿಯ ಮಗಳು, ಎಪ್ಪತ್ತು ದಾಟಿದ ಅಜ್ಜಿ. ತಂದೆಯ ಮನಸ್ಸು ಮೈಸೂರಿನ ಕಡೆಗಿತ್ತು. ಮಗಳು ಮಾತ್ರ ಬೈಲಕುಪ್ಪೆಯೇ ಆಗಬೇಕೆಂದು ಹಟ ಹಿಡಿದಳು. ಹಿಂದಿನ ವರ್ಷ ಶಾಲೆಯ ಪ್ರವಾಸದಲ್ಲಿ ಅವಳು ಅಲ್ಲಿಗೆ ಹೋಗಿದ್ದಳು. ಆದರೆ ಶಾಲಾ ಪ್ರವಾಸಗಳ ಕಥೆ ಎಲ್ಲರಿಗೂ ಗೊತ್ತಿರುವುದೇ. ಚಿನ್ನದ ಬಣ್ಣದ ಬುದ್ಧನನ್ನು ನೋಡುವುದು, ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳುವುದು, ಮರದ ಕೆಳಗೆ ಕುಳಿತು ಮನೆಯಿಂದ ಕಟ್ಟಿಕೊಂಡು ಬಂದ ಚಿತ್ರಾನ್ನ ತಿನ್ನುವುದು, ಬಸ್ಸು ಹತ್ತುವುದು. ಒಂದು ನಾಡಿನ ಜನರನ್ನು ನೋಡಿ ಬಂದೆವೆಂದು ಹೇಳಿಕೊಳ್ಳುವ ಮಕ್ಕಳು ಅವರು ಏನು ಉಣ್ಣುತ್ತಾರೆಂದು ತಿಳಿಯದೆಯೇ ಮನೆ ಸೇರುತ್ತಾರೆ.

ಹುಣಸೂರಿನಿಂದ ಮಡಿಕೇರಿ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಕಂಪಲಾಪುರ, ಪಿರಿಯಾಪಟ್ಟಣ ದಾಟಿದರೆ ಬೈಲಕುಪ್ಪೆ. ಇನ್ನೂ ಸ್ವಲ್ಪ ಮುಂದಿನ ಕೊಪ್ಪದ ಬಳಿ ಇಳಿದು ಆಟೊ ಹಿಡಿಯುವವರೇ ಹೆಚ್ಚು. ಕೊಪ್ಪದ ಸೇತುವೆಯ ಕೆಳಗೆ ಕಾವೇರಿ. ಆಚೆ ದಡ ಕುಶಾಲನಗರ, ಅಂದರೆ ಕೊಡಗು ಜಿಲ್ಲೆ. ಈಚೆ ದಡದಿಂದ ಒಳಗೆ ಹೊರಳಿದರೆ ಮುಸುಕಿನ ಜೋಳದ ಹೊಲಗಳು, ಅವುಗಳ ನಡುವೆ ಬಣ್ಣಬಣ್ಣದ ಪ್ರಾರ್ಥನಾ ಬಾವುಟಗಳು. ಇಲ್ಲಿನ ಹಳ್ಳಿಗಳನ್ನು ಸುತ್ತಲಿನ ಜನ ಇಂದಿಗೂ ಕ್ಯಾಂಪ್ ಎಂದೇ ಕರೆಯುತ್ತಾರೆ. ಒಂದನೇ ಕ್ಯಾಂಪ್, ನಾಲ್ಕನೇ ಕ್ಯಾಂಪ್ ಎಂದು ಹೇಳಿದರೆ ಸಾಕು, ಆಟೊದವರು ಮರುಮಾತಿಲ್ಲದೆ ಕರೆದೊಯ್ಯುತ್ತಾರೆ.

ಕ್ಯಾಂಪ್ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. 1959ರ ಮಾರ್ಚ್‌ನಲ್ಲಿ ದಲೈ ಲಾಮಾ ಲಾಸಾದಿಂದ ಹೊರಟು ಭಾರತದ ಗಡಿ ಸೇರಿದರು. ಅವರ ಹಿಂದೆ ಸಾವಿರಾರು ಟಿಬೆಟನ್ನರು ಹಿಮಾಲಯ ದಾಟಿ ಬಂದರು. ಅವರಿಗೆ ನೆಲೆ ಒದಗಿಸುವ ಪ್ರಶ್ನೆ ಎದ್ದಾಗ ಅಂದಿನ ಮೈಸೂರು ರಾಜ್ಯ ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಸುಮಾರು 3,000 ಎಕರೆ ಭೂಮಿಯನ್ನು ಗುತ್ತಿಗೆಗೆ ಕೊಟ್ಟಿತು. 1960–61ರಲ್ಲಿ ಮೊದಲ ತಂಡಗಳು ಬಂದಿಳಿದಾಗ ಇಲ್ಲಿದ್ದದ್ದು ಕಾಡು. ಗುಡಾರ ಮತ್ತು ಬಿದಿರಿನ ಗುಡಿಸಲುಗಳಲ್ಲಿದ್ದುಕೊಂಡು ಮರ ಕಡಿದು, ಪೊದೆ ಸುಟ್ಟು, ಆನೆಗಳ ಕಾಟ ತಡೆದು ಹೊಲ ಮಾಡಿದರು. ಚಳಿಯ ನಾಡಿನ ಮೈಗೆ ಇಲ್ಲಿನ ಸೆಕೆ ಒಗ್ಗಲಿಲ್ಲ. ಜ್ವರ, ಕ್ಷಯಗಳಿಗೆ ಹಲವರು ಬಲಿಯಾದರು. ಮುಂದೆ 1969ರಲ್ಲಿ ಬೈಲಕುಪ್ಪೆಯಲ್ಲೇ ಎರಡನೆಯ ವಸತಿ ಬಂತು. ಉತ್ತರ ಕನ್ನಡದ ಮುಂಡಗೋಡು, ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯ, ಹುಣಸೂರು ತಾಲ್ಲೂಕಿನದೇ ಆದ ಗುರುಪುರ, ಹೀಗೆ ಕರ್ನಾಟಕದಲ್ಲಿ ಬೇರೆ ವಸತಿಗಳೂ ಆದವು. ಗುರುಪುರದಲ್ಲಿ ಗ್ಯೂಮೆ ತಾಂತ್ರಿಕ ಮಠವೂ ಇದೆ. ಪಕ್ಕದಲ್ಲೇ ಇರುವುದರಿಂದಲೋ ಏನೋ, ಅದರತ್ತ ಹುಣಸೂರಿನವರ ಲಕ್ಷ್ಯ ಕಡಿಮೆ.

ಕುಟುಂಬ ಮೊದಲು ನಾಲ್ಕನೇ ಕ್ಯಾಂಪಿನ ನಾಮ್‌ಡ್ರೋಲಿಂಗ್ ಮಠಕ್ಕೆ ಹೋಯಿತು. ಪೆನೋರ್ ರಿಂಪೋಚೆ ಅವರು 1963ರಲ್ಲಿ ಸ್ಥಾಪಿಸಿದ ಮಠ ಇದು. ಜನ ಸ್ವರ್ಣ ದೇವಾಲಯ ಎಂದು ಕರೆಯುವ ದೊಡ್ಡ ಮಂದಿರ ಸಿದ್ಧವಾದದ್ದು 1999ರಲ್ಲಿ. ಅದರ ವರ್ಣನೆ ಬೇಕಾದಷ್ಟು ಕಡೆ ಬಂದಿದೆ, ಇಲ್ಲಿ ಬೇಡ. ಹೊಟ್ಟೆ ಹಸಿದಿತ್ತು.

ಮಠದ ಎದುರಿನ ಅಂಗಡಿ ಸಾಲು ಪ್ರವಾಸಿಗಳಿಂದ ಗಿಜಿಗುಡುತ್ತದೆ. ಅದನ್ನು ಬಿಟ್ಟು ಒಳಗಿನ ರಸ್ತೆಗೆ ನಡೆದರೆ ಮನೆಯ ಮುಂದಿನ ಕೋಣೆಯನ್ನೇ ಊಟದ ಮನೆ ಮಾಡಿಕೊಂಡಿರುವ ಪುಟ್ಟ ಹೋಟೆಲುಗಳು ಸಿಗುತ್ತವೆ. ಕುಟುಂಬ ಹೊಕ್ಕ ಹೋಟೆಲಿನಲ್ಲಿದ್ದದ್ದು ಐದೇ ಮೇಜು. ಗೋಡೆಯ ಮೇಲೆ ದಲೈ ಲಾಮಾ ಅವರ ಚಿತ್ರ, ಅದಕ್ಕೆ ಬಿಳಿಯ ರೇಷ್ಮೆಯ ಖತಾ, ಪಕ್ಕದಲ್ಲಿ ಪಿರಿಯಾಪಟ್ಟಣದ ಗೊಬ್ಬರದ ಅಂಗಡಿಯ ಕ್ಯಾಲೆಂಡರು. ಪರದೆಯ ಆಚೆ ಅಡುಗೆಮನೆ. ಮೈದಾ ಹಿಟ್ಟಿನ ಉಂಡೆಗಳನ್ನು ಪುಟ್ಟ ಪುಟ್ಟ ಹಪ್ಪಳಗಳಂತೆ ಲಟ್ಟಿಸುತ್ತಿದ್ದ ಹುಡುಗ ಹತ್ತಿರದ ಹಳ್ಳಿಯವನು, ಕನ್ನಡದವನು. ಮೂಲೆಯ ಮೇಜಿನಲ್ಲಿ ವೃದ್ಧರೊಬ್ಬರು ಜಪಮಣಿ ಎಣಿಸುತ್ತ ಕುಳಿತಿದ್ದರು.

ಬೆಂಗಳೂರಿನಂಥ ನಗರಗಳಲ್ಲಿ ಈಗ ಹತ್ತೇ ಮೇಜಿನ ದುಬಾರಿ ರೆಸ್ಟೋರೆಂಟುಗಳಿವೆ. ಫ್ರೆಂಚ್ ಅಡುಗೆಗೆ ಕರಿಬೇವು, ತೆಂಗಿನಹಾಲು ಬೆರೆಸಿ, ಎರಡು ನಾಡಿನ ರುಚಿಯ ಮದುವೆ ಎಂದು ಹೇಳಿ ಬಡಿಸುತ್ತಾರೆ. ಅಲ್ಲಿ ಆ ಮದುವೆ ಬಾಣಸಿಗನ ಜಾಣ್ಮೆಯಿಂದ ನಡೆಯುತ್ತದೆ. ಬೈಲಕುಪ್ಪೆಯಲ್ಲಿ ಅದು ನಡೆದದ್ದು ಅನಿವಾರ್ಯದಿಂದ. ಮಾತು ಬಂದದ್ದರಿಂದ ಇನ್ನೊಂದು ವಿಷಯ. ರೆಸ್ಟೋರೆಂಟ್ ಎಂಬ ಫ್ರೆಂಚ್ ಪದಕ್ಕೆ ಮೊದಲಿದ್ದ ಅರ್ಥ ಊಟದ ಮನೆ ಅಲ್ಲ, ಸಾರು! ಬಳಲಿದವರಿಗೆ ಚೈತನ್ಯ ಮರಳಿಸುವ ಸಾರನ್ನು ಆ ಹೆಸರಿನಿಂದ ಕರೆಯುತ್ತಿದ್ದರು. 1760ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಅದನ್ನು ಮಾರುವ ಅಂಗಡಿಗಳು ಹುಟ್ಟಿಕೊಂಡವು. ಬರಬರುತ್ತ ಸಾರಿನ ಹೆಸರೇ ಅಂಗಡಿಗೆ ನಿಂತಿತು. ಆ ಲೆಕ್ಕದಲ್ಲಿ, ಎಲ್ಲಕ್ಕಿಂತ ಮೊದಲು ಬಿಸಿ ಸಾರಿನ ಬಟ್ಟಲನ್ನು ತಂದಿಡುವ ಈ ಐದು ಮೇಜಿನ ಕೋಣೆಯನ್ನು ನಿಜವಾದ ರೆಸ್ಟೋರೆಂಟ್ ಎನ್ನಬೇಕು.

ಆ ಸಾರೇ ಥುಕ್ಪಾ. ಗೋಧಿ ಶ್ಯಾವಿಗೆ, ಎಲೆಕೋಸು, ಕ್ಯಾರೆಟ್, ಈರುಳ್ಳಿಸೊಪ್ಪು, ಬೇಕೆಂದವರಿಗೆ ಮಾಂಸ. ಹಿಟ್ಟನ್ನು ಶ್ಯಾವಿಗೆ ಮಾಡದೆ ಕೈಯಿಂದಲೇ ಎಳೆದು, ತುಂಡು ತುಂಡಾಗಿ ಕಿತ್ತು ಕುದಿಯುವ ಸಾರಿಗೆ ಹಾಕಿದರೆ ಅದು ಥೆಂಥುಕ್. ಮಸಾಲೆ ಇಲ್ಲವೇ ಇಲ್ಲ ಎನ್ನಬಹುದು. ಖಾರವನ್ನು ಪಕ್ಕದ ಬಟ್ಟಲಿನ ಕೆಂಪು ಚಟ್ನಿಯಿಂದ ಬೆರೆಸಿಕೊಳ್ಳಬೇಕು. ಹುಣಸೂರಿನ ಕಡೆಯ ನಾಲಿಗೆಗೆ ಮೊದಲ ತುತ್ತು ಸಪ್ಪೆ ಎನಿಸುವುದು ಸಹಜ. ತಂದೆಗೂ ಹಾಗೆಯೇ ಅನಿಸಿತು. ಅವರು ಚಟ್ನಿಯ ಬಟ್ಟಲನ್ನೇ ಬಗ್ಗಿಸಿಕೊಂಡರು. ಆಮೇಲೆ ಕಣ್ಣೀರು ಒರೆಸಿಕೊಳ್ಳುತ್ತ ಸುಮ್ಮನಾದರು.

ಅಜ್ಜಿ ಏನನ್ನೂ ಮುಟ್ಟಿರಲಿಲ್ಲ. ಅವರ ಅನುಮಾನ ಮೊಮೊ ಮೇಲೆ.

“ಒಳಗೇನು ಮಡಗಿದ್ದಾರೋ, ಯಾರ ಕಂಡೋರು?”

“ಬರೀ ಕೋಸು, ಆಲೂಗಡ್ಡೆ ಕಣಜ್ಜಿ. ಕೇಳ್ಕೊಂಡೇ ಹೇಳಿದ್ದೀನಿ” ಎಂದಳು ಮೊಮ್ಮಗಳು.

ಹೋಟೆಲಿನ ಒಡತಿ ಐವತ್ತರ ಆಸುಪಾಸಿನವರು. ಉದ್ದನೆಯ ಚುಪಾ, ಅದರ ಮೇಲೆ ಮದುವೆಯಾದ ಹೆಂಗಸರು ಕಟ್ಟುವ ಪಟ್ಟೆಪಟ್ಟೆಯ ಪಾಂಗ್ಡೆನ್. ಮಾತು ಕೇಳಿಸಿಕೊಂಡು ಅವರೇ ಅಡುಗೆಮನೆಯಿಂದ ಬಂದು, ಅಪ್ಪಟ ಪಿರಿಯಾಪಟ್ಟಣದ ಕನ್ನಡದಲ್ಲಿ “ಬನ್ನಿ ಅಜ್ಜಿ, ನೀವೇ ನೋಡ್ರಿ” ಎಂದು ಒಳಗೆ ಕರೆದರು. ಅಜ್ಜಿ ಎದ್ದೇಬಿಟ್ಟರು.

ಒಲೆಯ ಮೇಲೆ ಮೂರು ಅಂತಸ್ತಿನ ಅಲ್ಯೂಮಿನಿಯಂ ಪಾತ್ರೆ. ಕೆಳಗೆ ನೀರು, ಮೇಲೆ ತೂತಿನ ತಟ್ಟೆಗಳು. ಇಡ್ಲಿ ಪಾತ್ರೆ ಕಂಡವರಿಗೆ ಹೊಸದೇನಲ್ಲ. ಒಡತಿಯ ಬೆರಳುಗಳು ಲಟ್ಟಿಸಿದ ಹಿಟ್ಟಿನ ಅಂಚನ್ನು ಸುತ್ತ ನೆರಿಗೆ ಹಿಡಿದು ಮುಚ್ಚುವುದನ್ನು ಅಜ್ಜಿ ಸ್ವಲ್ಪ ಹೊತ್ತು ನೋಡಿದರು. ಗೌರಿಹಬ್ಬದ ಕರಿಗಡುಬಿನ ಅಂಚಿಗೆ ಹಿಡಿಯುವ ನೆರಿಗೆಯೂ ಅದೇ ಅಲ್ಲವೇ?

“ಇದು ಕಡುಬು ಕಣ್ ಬುಡವ್ವ. ಮೊಮೊ ಗಿಮೊ ಅಂತ ಹೆದ್ರಿಸ್ಬುಟ್ರು ನನ್ನ” ಎಂದು ಹೊರಗೆ ಬಂದು ತಟ್ಟೆ ಎಳೆದುಕೊಂಡರು.

ವಿಜ್ಞಾನ ಓದುವ ಮಕ್ಕಳು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಹಿಟ್ಟು ಬೇಯುವುದೆಂದರೆ ಅದರಲ್ಲಿನ ಪಿಷ್ಟದ ಕಣಗಳು ಬಿಸಿಯಲ್ಲಿ ನೀರು ಹೀರಿ ಉಬ್ಬುವುದು. ಹಬೆ ತಣ್ಣನೆಯ ಹಿಟ್ಟನ್ನು ಮುಟ್ಟಿದಾಗ ಮತ್ತೆ ನೀರಾಗುತ್ತದೆ. ಹಾಗೆ ಆಗುವಾಗ ಒಂದೊಂದು ಗ್ರಾಂ ಹಬೆಯೂ ಸುಮಾರು 540 ಕ್ಯಾಲೊರಿ ಶಾಖವನ್ನು ಬಿಟ್ಟುಕೊಡುತ್ತದೆ. ಪಠ್ಯದಲ್ಲಿ ಬರುವ ಗುಪ್ತೋಷ್ಣ ಎಂದರೆ ಇದೇ. ಕಡುಬನ್ನು ನೀರಿಗೆ ಹಾಕದೆಯೂ ನೀರಿನಿಂದಲೇ ಬೇಯಿಸುವ ಉಪಾಯ ಮಲೆನಾಡಿಗೂ ಕೊಡಗಿಗೂ ಟಿಬೆಟ್ಟಿಗೂ ಗೊತ್ತಿತ್ತು.

ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಸಮುದ್ರಮಟ್ಟದಲ್ಲಿ ನೀರು ಕುದಿಯುವುದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿದು, ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಕುದಿಬಿಂದುವೂ ಇಳಿಯುತ್ತದೆ. ಬೈಲಕುಪ್ಪೆಯಲ್ಲಿ ಅದು 97ರ ಸಮೀಪ. ಸುಮಾರು 3,650 ಮೀಟರ್ ಎತ್ತರದ ಲಾಸಾದಲ್ಲಿ 88ರ ಸಮೀಪ. ಅಲ್ಲಿ ಎಷ್ಟು ಸೌದೆ ಉರಿಸಿದರೂ ತೆರೆದ ಪಾತ್ರೆಯ ನೀರು ಅದಕ್ಕಿಂತ ಬಿಸಿಯಾಗದು. ಬೇಳೆಕಾಳು ಬೇಯಲು ಗಂಟೆಗಟ್ಟಲೆ ಹಿಡಿಯುತ್ತದೆ. ಉರಿಸಲು ಸೌದೆಯಾದರೂ ಎಲ್ಲಿದೆ? ಮರಗಳೇ ವಿರಳವಾದ ಆ ಪ್ರಸ್ಥಭೂಮಿಯಲ್ಲಿ ಒಣಗಿಸಿದ ಸಗಣಿಯೇ ಉರುವಲು. ಹೀಗಾಗಿ ಅಲ್ಲಿನ ಜನ ಬಾರ್ಲಿಯನ್ನು ಒಮ್ಮೆ ಹುರಿದು ಬೀಸಿಟ್ಟುಕೊಂಡರು. ಹುರಿಯುವಾಗ ನೀರಿನ ಕುದಿಬಿಂದುವಿನ ಮಿತಿ ಇಲ್ಲ, ಬಾಣಲೆಯ ಬಿಸಿ 100 ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ. ಹುರಿದ ಹಿಟ್ಟನ್ನು ತಿನ್ನಲು ಮತ್ತೆ ಒಲೆ ಹೊತ್ತಿಸಬೇಕಾಗಿಲ್ಲ. ಇದರ ಹೆಸರು ಸಂಪಾ. ಟಿಬೆಟನ್ನರಿಗೆ ಅದು ಹಳೆ ಮೈಸೂರಿನವರಿಗೆ ಮುದ್ದೆ ಇದ್ದಂತೆ.

ಮೂಲೆಯ ವೃದ್ಧರ ಮುಂದೆ ಆಗ ಬಂದದ್ದು ಅದೇ. ಮರದ ಬಟ್ಟಲಿನಲ್ಲಿ ಹಿಟ್ಟು, ಅದರ ಮೇಲೆ ಬೆಣ್ಣೆಯ ಚಹಾ. ಅವರು ಬಟ್ಟಲನ್ನು ಎಡಗೈಯಲ್ಲಿ ತಿರುಗಿಸುತ್ತ ಬಲಗೈ ಬೆರಳುಗಳಿಂದ ಹಿಟ್ಟನ್ನು ಅಂಚಿಗೆ ಒತ್ತಿ ಒತ್ತಿ ಕಲಸಿ ಉಂಡೆ ಮಾಡಿದರು. ಒಂದು ಚೂರೂ ಚೆಲ್ಲಲಿಲ್ಲ. ಅಜ್ಜಿಯ ಕಣ್ಣು ಅಲ್ಲೇ ನೆಟ್ಟಿತು.

“ಅದ್ಯಾವ ಹಿಟ್ಟು ತಾಯಿ?”

“ಬಾರ್ಲಿ ಅಜ್ಜಿ. ಹುರಿದು ಬೀಸಿದ್ದು.”

“ಹಂಗಾರೆ ನಮ್ಮ ಹುರಿಟ್ಟೇ. ನಾವು ರಾಗೀಲಿ ಮಾಡ್ತೀವಿ, ಮೊಳಕೆ ಕಟ್ಟಿ, ಹುರ್ದು. ಹೊಲಕ್ಕೆ ಹೋಗೋರ ಸೊಂಟದಲ್ಲಿ ಒಂದು ಗಂಟು ಇರ್ತಿತ್ತು. ಬೆಲ್ಲ ಸಿಕ್ರೆ ಬೆಲ್ಲ, ಇಲ್ದಿದ್ರೆ ಮಜ್ಜಿಗೆ.”

ಒಡತಿ ಇದನ್ನು ವೃದ್ಧರಿಗೆ ಟಿಬೆಟನ್ ಭಾಷೆಯಲ್ಲಿ ಹೇಳಿದರು. ಅವರು ಅವರ ತಂದೆ ಎಂಬುದು ಆಗ ತಿಳಿಯಿತು. ವೃದ್ಧರು ಉಂಡೆಯಿಂದ ಒಂದು ತುಂಡು ಮುರಿದು ಎರಡೂ ಕೈಯಿಂದ ಅಜ್ಜಿಯ ಕಡೆ ನೀಡಿದರು. ಬೇರೆಯವರ ಕೈಯಿಂದ ನೀರು ಕುಡಿಯಲೂ ಹಿಂದೆಮುಂದೆ ನೋಡುವ ಕಾಲದಲ್ಲಿ ಬೆಳೆದ ಅಜ್ಜಿ ಅದನ್ನು ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. ಸೊಸೆ ಬೆರಗಾಗಿ ಗಂಡನ ಮುಖ ನೋಡಿದರು.

ಬಾರ್ಲಿಗೆ ತಂಪು ಹವೆ ಬೇಕು. ಕಾವೇರಿ ದಡದ ಮುಂಗಾರಿನ ಹೊಲದಲ್ಲಿ ಅದು ನಡೆಯುವ ಬೆಳೆಯಲ್ಲ. ಬಂದವರು ಇಲ್ಲಿನ ಮಣ್ಣಿಗೆ ಒಗ್ಗುವ ಮುಸುಕಿನ ಜೋಳವನ್ನು ಹಿಡಿದರು. ಅದೇ ವಸತಿಯ ಮುಖ್ಯ ಬೆಳೆಯಾಯಿತು. ಸಂಪಾ ಬೇಕಾದವರು ಉತ್ತರ ಭಾರತದ ಬಾರ್ಲಿಗೆ ಕಾಯಬೇಕು. ದಿನನಿತ್ಯದ ಊಟಕ್ಕೆ ಅನ್ನ, ಚಪಾತಿ, ಸಂತೆಯ ತರಕಾರಿ ಬಂದವು. ಮೊಮೊ ಒಳಗೆ ಕೋಸು, ಆಲೂಗಡ್ಡೆ, ಪನೀರು ಸೇರಿದ್ದು ಹೀಗೆ. ಸಾಂಬಾರು ಹುಳಿಯಾದಷ್ಟೂ ಇಷ್ಟಪಡುವ ಭಿಕ್ಕುಗಳೂ ಇಲ್ಲಿದ್ದಾರೆ, ಸಂಜೆಯ ತಿಂಡಿಗೆ ಮೊಮೊ ಬೇಕೆನ್ನುವ ಪಿರಿಯಾಪಟ್ಟಣದ ಕಾಲೇಜು ಹುಡುಗರೂ ಇದ್ದಾರೆ. ಯಾರು ಯಾರನ್ನು ಬದಲಿಸಿದರು ಎಂದು ಹೇಳುವುದು ಕಷ್ಟ. ಎರಡೂ ಕಡೆಯವರು ಕಣ್ಣೀರಿಡುತ್ತ ತಿನ್ನುವ ಮೆಣಸಿನಕಾಯಿಯೇ ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗು ಹತ್ತಿ ಬಂದದ್ದು.

ಬೆಣ್ಣೆಯ ಚಹಾದ ವಿಷಯದಲ್ಲಿ ಮಾತ್ರ ರಾಜಿ ಆಗಲಿಲ್ಲ. ಮಗಳು ಧೈರ್ಯ ಮಾಡಿ ಒಂದು ಲೋಟ ತರಿಸಿದಳು. ಉಪ್ಪು! ಚಹಾ ಎಂಬ ಹೆಸರು ಕೇಳಿ ಸಿಹಿಯನ್ನು ನಿರೀಕ್ಷಿಸಿದ ನಾಲಿಗೆಗೆ ಮೋಸವಾದಂತಾಯಿತು. ಇದು ಸಾರು ಎಂದುಕೊಂಡು ಕುಡಿ ಎಂದು ಒಡತಿ ಹೇಳಿಕೊಟ್ಟರು. ಹಾಗೆ ಅಂದುಕೊಂಡ ಮೇಲೆ ಅರ್ಧ ಲೋಟ ಖಾಲಿಯಾಯಿತು. ಟಿಬೆಟ್ಟಿನಲ್ಲಿ ಇದಕ್ಕೆ ಯಾಕ್ ಬೆಣ್ಣೆ ಹಾಕುತ್ತಾರೆ ಎಂದು ಪುಸ್ತಕಗಳಲ್ಲಿ ಬರೆಯುತ್ತಾರೆ. ಅದು ತಪ್ಪು. ಯಾಕ್ ಎಂದರೆ ಗಂಡು. ಹಾಲು ಕೊಡುವುದು ಹೆಣ್ಣು, ಅದರ ಹೆಸರು ಡ್ರಿ. ಇಲ್ಲಿಯದು ಹಸುವಿನ ಬೆಣ್ಣೆ. ಉದ್ದನೆಯ ಮರದ ಕೊಳವೆಯಲ್ಲಿ ಕಡೆಯುವುದು ಹಳೆಯ ಪದ್ಧತಿ, ಈಗ ಹೋಟೆಲುಗಳಲ್ಲಿ ಮಿಕ್ಸಿ ಆ ಕೆಲಸ ಮಾಡುತ್ತದೆ. ಕಡೆದಾಗ ಬೆಣ್ಣೆ ಸಣ್ಣ ಸಣ್ಣ ಹನಿಗಳಾಗಿ ಒಡೆಯುತ್ತದೆ. ಹಾಲಿನ ಪ್ರೋಟೀನು ಆ ಹನಿಗಳನ್ನು ಸುತ್ತುವರಿದು ಮತ್ತೆ ಕೂಡದಂತೆ ತಡೆಯುತ್ತದೆ. ಇದೇ ಎಮಲ್ಷನ್. ಫ್ರೆಂಚ್ ಬಾಣಸಿಗರು ಮೊಟ್ಟೆಯ ಹಳದಿಯಲ್ಲಿ ಬೆಣ್ಣೆಯನ್ನು ಹಿಡಿದು ನಿಲ್ಲಿಸಿ ಮಾಡುವ ಹಾಲಂಡೇಸ್ ಎಂಬ ಪ್ರಸಿದ್ಧ ಗೊಜ್ಜಿನ ಗುಟ್ಟೂ ಇದೇ. ಲೋಟವನ್ನು ಸ್ವಲ್ಪ ಹೊತ್ತು ಬಿಟ್ಟರೆ ಜಿಡ್ಡು ಮೇಲೆ ತೇಲುತ್ತದೆ. ಆದ್ದರಿಂದ ಬಿಸಿಯಾಗಿಯೇ ಕುಡಿಯಬೇಕು.

ಊಟ ಮುಗಿದ ಮೇಲೆ ಜನ ಇಲ್ಲದ ಹೊತ್ತಿನಲ್ಲಿ ಒಡತಿ ಮೇಜಿನ ಬಳಿ ಬಂದು ಕುಳಿತರು. ಅವರು ಹುಟ್ಟಿದ್ದು ಇಲ್ಲೇ. ಟಿಬೆಟ್ಟನ್ನು ನೋಡಿಲ್ಲ. ಕನ್ನಡ ಕಲಿತದ್ದು ಜೋಳ ಮುರಿಯಲು ಬರುತ್ತಿದ್ದ ಹೆಂಗಸರಿಂದ. ಚಳಿಗಾಲ ಬಂದರೆ ವಸತಿಯ ಬಹಳ ಜನರಂತೆ ಅವರ ಯಜಮಾನರೂ ದೂರದ ನಗರಗಳಿಗೆ ಸ್ವೆಟರ್ ಮಾರಲು ಹೋಗುತ್ತಾರೆ. ಇಬ್ಬರು ಮಕ್ಕಳಲ್ಲಿ ಒಬ್ಬ ಕೆನಡಾದಲ್ಲಿದ್ದಾನೆ, ಇನ್ನೊಬ್ಬಳು ನರ್ಸಿಂಗ್ ಓದುತ್ತಿದ್ದಾಳೆ, ಅವಳೂ ಹೋಗುತ್ತಾಳಂತೆ. “ಮೊಮೊ ಮಾಡೋಕೆ ನಮ್ಮ ಹುಡುಗನಿಗೆ ಕಲಿಸಿದ್ದೀನಿ” ಎಂದು ಅಡುಗೆಮನೆಯ ಕಡೆ ತೋರಿಸಿದರು. “ನನ್ನ ಮಕ್ಕಳಿಗಿಂತ ಚೆನ್ನಾಗಿ ನೆರಿಗೆ ಹಿಡೀತಾನೆ.”

ಇದು ಒಂದು ಮನೆಯ ಕಥೆಯಲ್ಲ. 1990ರಲ್ಲಿ ಅಮೆರಿಕ ಒಂದು ಸಾವಿರ ಟಿಬೆಟನ್ನರಿಗೆ ವೀಸಾ ಕೊಡಲು ಕಾನೂನು ಮಾಡಿತು. ಹಾಗೆ ಹೋದವರ ಹಿಂದೆ ಅವರ ಕುಟುಂಬಗಳೂ ಹೋದವು. ಯುರೋಪ್, ಕೆನಡಾಗಳಿಗೂ ದಾರಿ ತೆರೆಯಿತು. 2011ರಲ್ಲಿ ಸುಮಾರು 1,50,000 ಇದ್ದ ಭಾರತದ ಟಿಬೆಟನ್ನರ ಸಂಖ್ಯೆ ಸುಮಾರು 85,000ಕ್ಕೆ ಇಳಿದಿದೆ ಎಂದು 2018ರಲ್ಲಿ ಪತ್ರಿಕೆಗಳು ಸರ್ಕಾರದ ಅಂಕಿಅಂಶ ಆಧರಿಸಿ ವರದಿ ಮಾಡಿದವು. ಮಠಗಳ ಶಾಲೆಗಳಲ್ಲಿ ಕೆಂಪು ಉಡುಪಿನ ಬಾಲಕರು ಇನ್ನೂ ಕಾಣುತ್ತಾರೆ. ಲಾಸಾದ ಬಳಿ 1419ರಲ್ಲಿ ಸ್ಥಾಪನೆಯಾಗಿ 1970ರ ಸುಮಾರಿಗೆ ಬೈಲಕುಪ್ಪೆಯಲ್ಲಿ ಮರುಹುಟ್ಟು ಪಡೆದ ಸೆರಾ ಮಠದಲ್ಲಿ ಸಾವಿರಾರು ಭಿಕ್ಕುಗಳಿಗೆ ದೊಡ್ಡ ದೊಡ್ಡ ಕೊಪ್ಪರಿಗೆಗಳಲ್ಲಿ ಅಡುಗೆಯಾಗುತ್ತದೆ. ಆದರೆ ಹೊಲ ಉಳುವ, ಮನೆಯಲ್ಲಿ ಹಿಟ್ಟು ಕಲಸುವ ಕೈಗಳು ಕಡಿಮೆಯಾಗುತ್ತಿವೆ.

ಇದನ್ನು ಕೇಳುತ್ತಿದ್ದ ಕಟ್ಟೆಮಳಲವಾಡಿಯ ತಂದೆ ಮಗಳ ಕಡೆ ನೋಡಿದರು. ಅವರ ಅಣ್ಣನ ಮಕ್ಕಳಿಬ್ಬರೂ ಬೆಂಗಳೂರಿನಲ್ಲಿದ್ದಾರೆ. ಬ್ಯಾರನ್‌ಗೆ ಸೌದೆ ಹಾಕಲು ಈ ಸಲ ಕೂಲಿಯವರನ್ನು ಹೊರಗಿನಿಂದ ಕರೆತರಬೇಕಾಯಿತು. ಮಗಳಿಗೆ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಳ್ಳುವ ಆಸೆ, ಅದೂ ಮೈಸೂರಿನಲ್ಲಿ. ಅವರು ಏನೂ ಹೇಳಲಿಲ್ಲ, ಬಿಲ್ ಕೇಳಿದರು.

ಹೋಗಬಯಸುವವರಿಗೆ ಒಂದೆರಡು ಮಾತು. ಮೈಸೂರಿನಿಂದ ಬೈಲಕುಪ್ಪೆ ಸುಮಾರು 80 ಕಿಲೋಮೀಟರ್. ಮಡಿಕೇರಿ, ಕುಶಾಲನಗರದ ಬಸ್ಸುಗಳೆಲ್ಲ ಹುಣಸೂರಿನ ಮೇಲೆಯೇ ಹೋಗುತ್ತವೆ. ಭಾರತೀಯರಿಗೆ ಯಾವ ಪರವಾನಗಿಯೂ ಬೇಡ. ವಿದೇಶಿಯರು ವಸತಿಯೊಳಗೆ ರಾತ್ರಿ ತಂಗಬೇಕಾದರೆ ಮುಂಚಿತವಾಗಿ ಸರ್ಕಾರದ ಅನುಮತಿ ಪಡೆದಿರಬೇಕು. ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ ಬರುವ ಲೊಸಾರ್, ಅಂದರೆ ಅವರ ಹೊಸ ವರ್ಷದ ದಿನಗಳಲ್ಲಿ ಮಠಗಳು ನೋಡಲು ಚೆನ್ನ, ಆದರೆ ಪುಟ್ಟ ಹೋಟೆಲುಗಳು ಮುಚ್ಚಿರುವ ಸಂಭವ ಹೆಚ್ಚು. ಭಾನುವಾರದ ಮಧ್ಯಾಹ್ನ ಬಹಳ ನೂಕುನುಗ್ಗಲು. ಸಸ್ಯಾಹಾರಿಗಳು ಅಂಜಬೇಕಾಗಿಲ್ಲ, ಕೇಳಿ ತರಿಸಿಕೊಂಡರೆ ಸಾಕು. ಪ್ರವಾಸ ಕರೆದೊಯ್ಯುವ ಶಾಲೆಗಳು ನೂರು ಮಕ್ಕಳನ್ನು ಒಂದೇ ಹೋಟೆಲಿಗೆ ನುಗ್ಗಿಸುವ ಬದಲು ಹತ್ತು ಹತ್ತು ಮಂದಿಯ ಗುಂಪು ಮಾಡಿ ಬೇರೆ ಬೇರೆ ಹೋಟೆಲಿಗೆ ಕಳಿಸಬಹುದು. ಒಬ್ಬೊಬ್ಬರಿಗೆ ಒಂದು ಬಟ್ಟಲು ಥುಕ್ಪಾ ಕೊಡಿಸಲು ದೊಡ್ಡ ಖರ್ಚೇನೂ ಬಾರದು.

ಹೊರಡುವಾಗ ಒಡತಿ ಅಜ್ಜಿಯ ಕೈಗೆ ಸಂಪಾ ಹಿಟ್ಟಿನ ಒಂದು ಪೊಟ್ಟಣ ಇಟ್ಟರು, ಹಣ ತೆಗೆದುಕೊಳ್ಳಲಿಲ್ಲ. “ಮುಂದಿನ್ ಸಲ ನಾನು ರಾಗಿ ಹುರಿಟ್ಟು ತತ್ತೀನಿ, ನಿಮ್ಮಪ್ಪಂಗೆ ಕೊಡು” ಎಂದರು ಅಜ್ಜಿ. ಹುಣಸೂರಿನಲ್ಲಿ ಬಸ್ಸು ಬದಲಿಸಿ ಊರು ಸೇರುವಾಗ ಕತ್ತಲಾಗಿತ್ತು. ಮಾರನೆಯ ಬೆಳಿಗ್ಗೆ ಅಜ್ಜಿ ಆ ಹಿಟ್ಟಿಗೆ ಮಜ್ಜಿಗೆ, ಉಪ್ಪು ಹಾಕಿ ಕಲಸಿದರು. ಗಂಟು ಗಂಟಾಯಿತು. ಬಟ್ಟಲನ್ನು ಎಡಗೈಯಲ್ಲಿ ತಿರುಗಿಸಬೇಕೆಂದು ಮೊಮ್ಮಗಳು ನೆನಪು ಮಾಡಿದ ಮೇಲೆ ಎರಡನೆಯ ಸಲ ಸ್ವಲ್ಪ ಮಟ್ಟಿಗೆ ಸರಿಹೋಯಿತು.